ಹೆವಿ ಲೈಸೆನ್ಸ್ ಬೇಕೇ? ಮೊದಲು ಆರ್‌ಸಿ ತೆಗೆದು ನೋಡಿ

“ಕಾರಿನ ಲೈಸೆನ್ಸ್ ಇದೆ, ಟಾಟಾ 407 ಮಿನಿ ಲಾರಿ ಓಡಿಸಬಹುದಾ?” “ಟ್ರ್ಯಾಕ್ಟರ್ ಹಿಂದೆ ಟ್ರೇಲರ್ ಕಟ್ಟಿದ್ರೆ ಬೇರೆ ಲೈಸೆನ್ಸ್ ಮಾಡಿಸ್ಬೇಕಾ?” “ಹೆವಿಗೆ ಎಂಟನೇ ಕ್ಲಾಸ್ ಪಾಸಾಗಿರ್ಬೇಕಂತಲ್ಲ?”

ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರು ಪ್ರಶ್ನೆ. ಚುಟುಕಾಗಿ ಹೇಳುವುದಾದರೆ ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಬೇಡ, ಮೂರನೆಯದು 2019ರಲ್ಲೇ ಮುಗಿದ ಕಥೆ. ಆದರೆ ಚುಟುಕು ಉತ್ತರ ನಂಬಿ ಸ್ಟೇರಿಂಗ್ ಹಿಡಿದವರು ಚೆಕ್‌ಪೋಸ್ಟಿನಲ್ಲೋ, ಅದಕ್ಕಿಂತ ಕೆಟ್ಟದಾಗಿ ಅಪಘಾತ ಪರಿಹಾರದ ಕೋರ್ಟಿನಲ್ಲೋ ಸಿಕ್ಕಿಬೀಳುತ್ತಾರೆ. ಆದ್ದರಿಂದ ಎಲ್ಲವನ್ನೂ ಸಾಲಾಗಿ ಬರೆದಿದ್ದೇನೆ. ಲಾರಿ, ಟಿಪ್ಪರ್, ಟ್ರೇಲರ್ ಓಡಿಸಲು ಹೊರಟಿರುವ ನಿಮಗೂ, ಡ್ರೈವರ್ ಇಟ್ಟುಕೊಳ್ಳುವ ಮಾಲೀಕರಿಗೂ ಇದು ಉಪಯೋಗಕ್ಕೆ ಬರಬೇಕು.

1. ಚಕ್ರ ಎಣಿಸಬೇಡಿ, ತೂಕ ನೋಡಿ

“ಆರು ಚಕ್ರ ಇದ್ರೆ ಹೆವಿ” ಅನ್ನುವುದು ಸ್ಟ್ಯಾಂಡಿನ ಮಾತು. 1988ರ ಮೋಟಾರು ವಾಹನ ಕಾಯ್ದೆ ಲೆಕ್ಕ ಹಾಕುವುದು ಕಿಲೋಗ್ರಾಂನಲ್ಲಿ. ನಿಮ್ಮ ವಾಹನದ ಆರ್‌ಸಿ, ಅಂದರೆ ನೋಂದಣಿ ಪತ್ರ, ಕೈಗೆತ್ತಿಕೊಳ್ಳಿ. ಅದರಲ್ಲಿ ಎರಡು ತೂಕ ಇರುತ್ತವೆ. ಒಂದು ಅನ್‌ಲೇಡನ್ ವೇಟ್, ಖಾಲಿ ಗಾಡಿಯ ತೂಕ. ಇನ್ನೊಂದು ಲೇಡನ್ ವೇಟ್ ಅಥವಾ ಗ್ರಾಸ್ ವೆಹಿಕಲ್ ವೇಟ್. ಗಾಡಿಯೂ ಸೇರಿ ಲೋಡ್ ಸಮೇತ ಎಷ್ಟು ತೂಗಲು ಅನುಮತಿ ಇದೆ ಎಂಬುದೇ ಈ ಎರಡನೆಯದು. ಸರಕು ವಾಹನಕ್ಕೆ ಇದೇ ಮುಖ್ಯ.

ಅದು 7,500 ಕೆಜಿಯೊಳಗಿದ್ದರೆ ಲಘು ಮೋಟಾರು ವಾಹನ, ಬಾಯಿಮಾತಿನ ಎಲ್‌ಎಂವಿ. 7,500ರಿಂದ 12,000 ಕೆಜಿವರೆಗೆ ಮಧ್ಯಮ ಸರಕು ವಾಹನ. 12,000 ದಾಟಿದರೆ ಭಾರಿ ಸರಕು ವಾಹನ.

ಈ 7,500ರ ಗೆರೆಯ ಬಗ್ಗೆ ವರ್ಷಗಟ್ಟಲೆ ಜಗಳ ನಡೆದಿತ್ತು. ಕಾರಿನ ಲೈಸೆನ್ಸ್ ಇದ್ದವರು ಹಳದಿ ಬೋರ್ಡಿನ ಸಣ್ಣ ಗೂಡ್ಸ್ ಗಾಡಿ ಓಡಿಸಿ ಅಪಘಾತವಾದರೆ, “ಟ್ರಾನ್ಸ್‌ಪೋರ್ಟ್ ಎಂಡಾರ್ಸ್‌ಮೆಂಟ್ ಇಲ್ಲ” ಎಂದು ವಿಮಾ ಕಂಪನಿಗಳು ಕೈ ತೊಳೆದುಕೊಳ್ಳುತ್ತಿದ್ದವು. ಎಂಡಾರ್ಸ್‌ಮೆಂಟ್ ಎಂದರೆ ಇರುವ ಲೈಸೆನ್ಸಿಗೆ ಹೊಸ ಅಧಿಕಾರ ಸೇರಿಸಿ ಹಾಕುವ ನಮೂದು. 2017ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, 7,500 ಕೆಜಿಯೊಳಗಿನ ಸಾರಿಗೆ ವಾಹನಕ್ಕೆ ಎಲ್‌ಎಂವಿ ಲೈಸೆನ್ಸೇ ಸಾಕು ಎಂದಿತು. 2024ರ ನವೆಂಬರ್ 6ರಂದು ಐವರ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ 407ರಂಥ ಗಾಡಿಗೆ ಹೆವಿ ಲೈಸೆನ್ಸ್ ಮಾಡಿಸಿ ಎಂದು ಯಾರಾದರೂ ದುಡ್ಡು ಕೇಳಿದರೆ ಆರ್‌ಸಿಯಲ್ಲಿನ ತೂಕ ತೋರಿಸಿ. ಅದೇ ಹೊರನೋಟದ ಇನ್ನೊಂದು ಮಾಡೆಲ್ 7,500 ದಾಟಿದ್ದರೆ ಮಾತ್ರ ಈ ವಾದ ನಡೆಯುವುದಿಲ್ಲ. ಒಂದೇ ಕಂಪನಿಯ, ಒಂದೇ ಮುಖದ ಎರಡು ಗಾಡಿ ಗೆರೆಯ ಆಚೀಚೆ ಇರುವುದು ಮಾಮೂಲು.

7,500 ಕೆಜಿ ದಾಟಿತೋ, ಮುಂದಿನ ಹಂತಗಳೆಲ್ಲ ನಿಮಗೆ ಅನ್ವಯಿಸುತ್ತವೆ.

2. ಅರ್ಹತೆ ಇದೆಯೇ?

ವಯಸ್ಸು 20 ತುಂಬಿರಬೇಕು. ಕಾರಿಗಾದರೆ 18 ಸಾಕು, ಸಾರಿಗೆ ವಾಹನಕ್ಕೆ ಸಾಲದು. ಜೊತೆಗೆ, ಎಲ್‌ಎಂವಿ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷ ಆಗಿರಬೇಕು. ಬೈಕ್ ಲೈಸೆನ್ಸಿನ ವರ್ಷ ಇಲ್ಲಿ ಲೆಕ್ಕಕ್ಕಿಲ್ಲ. ಹತ್ತು ವರ್ಷ ಬೈಕ್ ಓಡಿಸಿದವರೂ ಮೊದಲು ಎಲ್‌ಎಂವಿ ಮಾಡಿಸಿ ಒಂದು ವರ್ಷ ಕಾಯಲೇಬೇಕು. ವರ್ಷ ಎಣಿಸುವುದು ಎಲ್‌ಎಂವಿಯ ಎಲ್‌ಎಲ್ (ಕಲಿಕಾ ಪರವಾನಗಿ) ದಿನಾಂಕದಿಂದ ಅಲ್ಲ, ಪಕ್ಕಾ ಡಿಎಲ್ (ಚಾಲನಾ ಪರವಾನಗಿ) ಸಿಕ್ಕ ದಿನಾಂಕದಿಂದ. ಇದೊಂದನ್ನು ಗಮನಿಸದೆ ಅರ್ಜಿ ಹಾಕಿ ವಾಪಸ್ ಬಂದವರು ಬಹಳ ಮಂದಿ.

ಓದಿನ ವಿಷಯ: ಸಾರಿಗೆ ವಾಹನದ ಚಾಲಕರು ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮ ಇತ್ತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ತೆಗೆದುಹಾಕಿದೆ. “ಮಾರ್ಕ್ಸ್ ಕಾರ್ಡ್ ಇಲ್ಲ ಅಂದ್ರೆ ಒಂದು ವ್ಯವಸ್ಥೆ ಮಾಡೋಣ” ಎನ್ನುವ ಏಜೆಂಟ್ ಈಗಲೂ ಸಿಗುತ್ತಾನೆ. ಇಲ್ಲದ ನಿಯಮಕ್ಕೆ ಸುಳ್ಳು ದಾಖಲೆ ಕೊಟ್ಟು ಇಲ್ಲದ ಕೇಸು ಮೈಮೇಲೆ ಎಳೆದುಕೊಳ್ಳಬೇಡಿ.

3. ವೈದ್ಯರ ಸಹಿ

ಸಾರಿಗೆ ವಾಹನಕ್ಕೆ ಫಾರಂ 1ಎ ಕಡ್ಡಾಯ. ನೋಂದಾಯಿತ ವೈದ್ಯರು ನಿಮ್ಮನ್ನು ಪರೀಕ್ಷಿಸಿ ಕೊಡುವ ದೈಹಿಕ ಕ್ಷಮತೆಯ ಪ್ರಮಾಣಪತ್ರ ಇದು. ಕಣ್ಣು, ಕಿವಿ, ಕೈಕಾಲಿನ ಚಲನೆ ಎಲ್ಲವೂ ಇದರಲ್ಲಿ ಬರುತ್ತವೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಆಗಬೇಕು, ಕನ್ನಡಕ ಇದ್ದರೆ ಹಾಕಿಕೊಂಡೇ ಓದಬಹುದು. ಬಣ್ಣ ಗುರುತಿಸುವಲ್ಲಿ ಅಲ್ಪಸ್ವಲ್ಪ ತೊಡಕಿದ್ದವರಿಗೆ 2020ರ ತಿದ್ದುಪಡಿಯಿಂದ ದಾರಿ ತೆರೆದಿದೆ. ತೀವ್ರ ಅಥವಾ ಪೂರ್ತಿ ವರ್ಣಾಂಧತೆ ಇದ್ದರೆ ಮಾತ್ರ ಅಡ್ಡಿ.

ಡ್ರೈವಿಂಗ್ ಸ್ಕೂಲಿನ ಡ್ರಾಯರಿನಲ್ಲಿ ಮೊದಲೇ ಸಹಿ, ಸೀಲು ಬಿದ್ದ ಫಾರಂಗಳ ಕಟ್ಟು ಇರುತ್ತದೆ. ಅದರಲ್ಲೊಂದು ಹರಿದು ಕೊಟ್ಟರೆ ಬೇಡ ಎನ್ನಿ. ರಾತ್ರಿ ಎದುರಿನ ಹೈಬೀಮ್ ಬೆಳಕಿಗೆ ಕಣ್ಣು ಕತ್ತಲೆ ಬರುತ್ತದೋ ಇಲ್ಲವೋ ಎಂಬುದು ಹೆದ್ದಾರಿಗಿಂತ ಮೊದಲು ವೈದ್ಯರ ಮುಂದೆ ಗೊತ್ತಾಗುವುದು ಒಳ್ಳೆಯದು.

4. ಎಲ್‌ಎಲ್ ಪಡೆಯುವುದು

ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಅರ್ಜಿ. ಇರುವ ಡಿಎಲ್ ನಂಬರ್ ಕೊಟ್ಟು, ಹೊಸ ವರ್ಗ ಸೇರಿಸಲು ಎಲ್‌ಎಲ್ ಕೇಳಬೇಕು. ಎಲ್‌ಎಲ್ ಅನ್ನೇ ಹಳಬರು ಎಲ್‌ಎಲ್‌ಆರ್ ಅನ್ನುತ್ತಾರೆ. ವಿಳಾಸದ ದಾಖಲೆ, ಫಾರಂ 1ಎ, ಫೋಟೊ, ಸಹಿ ಅಪ್‌ಲೋಡ್ ಮಾಡಿ ಶುಲ್ಕ ಕಟ್ಟಿದರೆ ಆಯಿತು.

ಇಲ್ಲಿ ತಲೆ ತಿರುಗುವುದು ವರ್ಗದ ಹೆಸರು ನೋಡಿದಾಗ. ಹಳೇ ಕಾರ್ಡುಗಳಲ್ಲಿ ಎಚ್‌ಜಿಎಂವಿ, ಎಚ್‌ಟಿವಿ, ಎಚ್‌ಎಂವಿ ಎಂದೆಲ್ಲ ಇರುತ್ತದೆ. ಹೊಸದರಲ್ಲಿ ಬರೀ ಟ್ರಾನ್ಸ್ ಎಂದಿರಬಹುದು. ಮಧ್ಯಮ, ಭಾರಿ, ಸರಕು, ಪ್ರಯಾಣಿಕ ಎಂದು ನಾಲ್ಕಾಗಿದ್ದ ವರ್ಗಗಳನ್ನು 1994ರ ತಿದ್ದುಪಡಿಯಲ್ಲಿ ‘ಸಾರಿಗೆ ವಾಹನ’ ಎಂಬ ಒಂದೇ ವರ್ಗಕ್ಕೆ ಸೇರಿಸಿದ್ದರಿಂದ ಆದ ಗೊಂದಲ ಇದು. ನೀವು ಸೇರಿಸಲು ಹೊರಟಿರುವುದು ಸಾರಿಗೆ ವಾಹನದ ವರ್ಗವೇ ಎಂದು ಹಣ ಕಟ್ಟುವ ಮೊದಲು ಇನ್ನೊಮ್ಮೆ ಓದಿಕೊಳ್ಳಿ.

ಶುಲ್ಕ ದೊಡ್ಡದೇನಲ್ಲ. ಕೇಂದ್ರ ನಿಯಮದ ಪ್ರಕಾರ ಎಲ್‌ಎಲ್‌ಗೆ 150 ರೂಪಾಯಿ, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ವರ್ಗ ಸೇರ್ಪಡೆಗೆ 500. ಇದರ ಮೇಲೆ ರಾಜ್ಯದ ಸೇವಾ ಶುಲ್ಕ, ಕಾರ್ಡಿನ ಖರ್ಚು. ಉಳಿದ ಸಾವಿರಾರು ರೂಪಾಯಿ ತರಬೇತಿಗೆ ಹೋಗುವುದು. ಆದ್ದರಿಂದ “ಎಲ್ಲಾ ಸೇರಿ ಇಷ್ಟು” ಎಂದು ಯಾರಾದರೂ ಹೇಳಿದರೆ ಸರ್ಕಾರಕ್ಕೆ ಎಷ್ಟು, ನಿಮಗೆ ಎಷ್ಟು ಎಂದು ಬಿಡಿಸಿ ಕೇಳಿ.

ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಅದನ್ನಿಟ್ಟುಕೊಂಡು ಒಬ್ಬರೇ ಲಾರಿ ಓಡಿಸುವಂತಿಲ್ಲ. ಆ ವರ್ಗದ ಲೈಸೆನ್ಸ್ ಇರುವವರು ಪಕ್ಕದಲ್ಲೇ, ಬೇಕಾದಾಗ ಗಾಡಿ ನಿಲ್ಲಿಸಲು ಆಗುವಂತೆ ಕೂತಿರಬೇಕು. ಮುಂದೆ, ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಇರಬೇಕು. ಲಾರಿ ಲೈನಿನಲ್ಲಿ ಕ್ಲೀನರ್ ಆಗಿ ಸೇರಿ, ಡ್ರೈವರ್ ಮಲಗಿದಾಗ ಸ್ಟೇರಿಂಗ್ ಹಿಡಿದು ಕಲಿಯುವುದು ನಮ್ಮಲ್ಲಿ ತಲೆತಲಾಂತರದ ಪದ್ಧತಿ. ಅನೇಕ ಒಳ್ಳೇ ಚಾಲಕರು ಹಾಗೇ ಕಲಿತವರು, ಅಲ್ಲಗಳೆಯುವುದಿಲ್ಲ. ಆದರೆ ಕಾಯ್ದೆಯ ಕಣ್ಣಿಗೆ ಅದು ಲೈಸೆನ್ಸ್ ಇಲ್ಲದ ಚಾಲನೆ. 2019ರ ತಿದ್ದುಪಡಿಯ ನಂತರ ದಂಡ 5,000 ರೂಪಾಯಿ, ಜೊತೆಗೆ ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಗಾಡಿ ಕೊಟ್ಟ ಮಾಲೀಕರಿಗೂ ಅಷ್ಟೇ.

5. ಕಲಿಯುವುದು

ಡ್ರೈವಿಂಗ್ ಸ್ಕೂಲಿನ ಮೂಲಕ ಹೋದರೆ ಫಾರಂ 5 ಕೊಡುತ್ತಾರೆ, ತರಬೇತಿ ಮುಗಿಸಿದ ಪ್ರಮಾಣಪತ್ರ. ನಿಯಮದ ಪ್ರಕಾರ ಸಾರಿಗೆ ವಾಹನದ ತರಬೇತಿ ಕನಿಷ್ಠ 30 ದಿನ, ಅದರಲ್ಲಿ ಸ್ಟೇರಿಂಗ್ ನಿಮ್ಮ ಕೈಯಲ್ಲಿರುವ ಸಮಯ ಕನಿಷ್ಠ 15 ಗಂಟೆ. ಈ ಹದಿನೈದು ಗಂಟೆಯನ್ನು ಬರೆದಿಟ್ಟುಕೊಳ್ಳಿ. ನಾಲ್ಕು ಜನರನ್ನು ಒಂದೇ ಲಾರಿಗೆ ಹತ್ತಿಸಿ, ಒಬ್ಬೊಬ್ಬರಿಗೆ ಹತ್ತು ನಿಮಿಷ ಕೊಟ್ಟು “ಒಂದು ಗಂಟೆ ಕ್ಲಾಸ್ ಆಯ್ತು” ಎನ್ನುವುದನ್ನು ನಾನೇ ಕಂಡಿದ್ದೇನೆ.

2021ರ ಜುಲೈ 1ರಿಂದ ಇನ್ನೊಂದು ದಾರಿಯೂ ಇದೆ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರದಲ್ಲಿ ಭಾರಿ ವಾಹನದ 38 ಗಂಟೆಗಳ, ಆರು ವಾರದ ಕೋರ್ಸ್ ಪಾಸಾದರೆ ಆರ್‌ಟಿಒದಲ್ಲಿ ಚಾಲನಾ ಪರೀಕ್ಷೆಯಿಂದ ವಿನಾಯಿತಿ. ಊರಿನ ಮಾಮೂಲಿ ಡ್ರೈವಿಂಗ್ ಸ್ಕೂಲಿಗೂ ಇಂಥ ಕೇಂದ್ರಕ್ಕೂ ವ್ಯತ್ಯಾಸವಿದೆ. ಬೋರ್ಡಿನ ಮೇಲೆ ‘ಸರ್ಕಾರಿ ಮಾನ್ಯತೆ’ ಎಂದಿದ್ದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ.

ಎಲ್ಲೇ ಕಲಿಯಿರಿ, ಈ ಎರಡನ್ನು ಹೇಳಿಕೊಡಿ ಎಂದು ಹಟ ಹಿಡಿಯಿರಿ.

ಒಂದು, ಏರ್ ಬ್ರೇಕ್. ಕಾರಿನಂತೆ ಕೀ ತಿರುಗಿಸಿ ಹೊರಡುವುದಲ್ಲ. ಗಾಳಿಯ ಒತ್ತಡ ಏರುವ ತನಕ ಕಾಯಬೇಕು. ಎಚ್ಚರಿಕೆಯ ದೀಪ, ಬಜರ್ ನಿಂತ ಮೇಲೆ ಹ್ಯಾಂಡ್ ಬ್ರೇಕ್ ಬಿಡುವುದು. ಇಳಿಜಾರಿನಲ್ಲಿ ಪದೇ ಪದೇ ಪೆಡಲ್ ತುಳಿದರೆ ಲೈನರ್ ಕಾದು ಹಿಡಿತ ಬಿಡುತ್ತದೆ, ಗಾಳಿಯೂ ಖರ್ಚಾಗುತ್ತದೆ. ಶಿರಾಡಿಯಲ್ಲಿ ಮಾರನಹಳ್ಳಿಯಿಂದ ಗುಂಡ್ಯದ ಕಡೆ ಇಳಿಯುವಾಗ ಮೂಗಿಗೆ ಬಡಿಯುವ ಸುಟ್ಟ ವಾಸನೆ ಅದರದ್ದೇ. ಹತ್ತುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯುವಾಗಲೂ ಅದನ್ನೇ ಹಾಕಿ, ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಬ್ರೇಕ್) ಬಳಸಿ. ಗೇರ್ ಕೆಳಗಿಳಿಸುವ ಕೆಲಸ ಇಳಿಜಾರು ಶುರುವಾಗುವ ಮೊದಲೇ ಮುಗಿದಿರಬೇಕು.

ಎರಡು, ತಿರುವಿನಲ್ಲಿ ಹಿಂದಿನ ಚಕ್ರ. ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನದು ಹೋಗುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಎಡಕ್ಕೆ ತಿರುಗುವಾಗ ನಿಮ್ಮ ಎಡಬದಿಯಲ್ಲಿ ನುಗ್ಗಿದ ಬೈಕಿನವನು ಸಿಕ್ಕಿಬೀಳುವುದು ಆ ಜಾಗದಲ್ಲೇ.

6. ಟೆಸ್ಟ್

ಎಲ್‌ಎಲ್ ಸಿಕ್ಕಿ 30 ದಿನ ಆದ ಮೇಲೆ, ಅದರ ಅವಧಿ ಮುಗಿಯುವ ಮೊದಲು, ಸಾರಥಿಯಲ್ಲೇ ಸ್ಲಾಟ್ ಹಿಡಿಯಿರಿ. ನೀವು ಯಾವ ವರ್ಗ ಕೇಳಿದ್ದೀರೋ ಆ ವರ್ಗದ ವಾಹನವನ್ನೇ ತರಬೇಕು. ಅದರ ಆರ್‌ಸಿ, ವಿಮೆ, ಎಫ್‌ಸಿ, ಹೊಗೆ ತಪಾಸಣೆ ಚೀಟಿ ಎಲ್ಲವೂ ಚಾಲ್ತಿಯಲ್ಲಿರಲಿ. ಎಫ್‌ಸಿ ಎಂದರೆ ವಾಹನದ ಕ್ಷಮತಾ ಪತ್ರ. ಬಾಡಿಗೆಗೆ ತಂದ ಲಾರಿಯ ಎಫ್‌ಸಿ ಮುಗಿದಿದ್ದರೆ ನೀವೆಷ್ಟೇ ಚೆನ್ನಾಗಿ ಓಡಿಸಿದರೂ ಆ ದಿನ ವ್ಯರ್ಥ.

ಮೋಟಾರು ವಾಹನ ನಿರೀಕ್ಷಕರು, ನಮ್ಮ ಕಡೆಯ ಮಾತಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್, ನೋಡುವುದು ಹೊರಡುವುದು, ನಿಲ್ಲಿಸುವುದು, ಏರಿನಲ್ಲಿ ಹಿಂದೆ ಜಾರದೆ ಎತ್ತುವುದು, ರಿವರ್ಸ್, ಕನ್ನಡಿ ನೋಡುವ ರೂಢಿ. ಬೆಂಗಳೂರಿನ ಜ್ಞಾನಭಾರತಿಯಂಥ ಸ್ವಯಂಚಾಲಿತ ಪಥಗಳಲ್ಲಿ ಸೆನ್ಸರ್ ಇರುತ್ತದೆ, ಗೆರೆ ಮುಟ್ಟಿದರೆ ಮಾತುಕತೆಗೆ ಜಾಗವಿಲ್ಲ. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಬರಬಹುದು. ಮೂರು ಸಲ ಫೇಲಾದರೆ 60 ದಿನ ಕಾಯಬೇಕು.

7. ಕಾರ್ಡ್ ಬಂತು. ಅದರಲ್ಲಿ ಎರಡು ತಾರೀಖು ಇದೆ

ಬಹಳ ಜನ ಎಡವುವುದು ಇಲ್ಲೇ. ನಿಮ್ಮ ಹೊಸ ಕಾರ್ಡನ್ನು ಬೆಳಕಿಗೆ ಹಿಡಿದು ಓದಿ. ಒಂದು ತಾರೀಖಿನ ಪಕ್ಕ ಎನ್‌ಟಿ, ಇನ್ನೊಂದರ ಪಕ್ಕ ಟಿಆರ್ ಎಂದಿರುತ್ತದೆ. ಎನ್‌ಟಿ ಎಂದರೆ ಕಾರು, ಬೈಕಿನಂಥ ಸ್ವಂತ ಬಳಕೆಯ ವಾಹನಗಳಿಗೆ, ಅದು ವರ್ಷಗಟ್ಟಲೆ ದೂರ ಇರುತ್ತದೆ. ಟಿಆರ್ ಎಂದರೆ ಸಾರಿಗೆ ವಾಹನಕ್ಕೆ, ಅದರ ಆಯಸ್ಸು ಐದೇ ವರ್ಷ. 2019ರ ತಿದ್ದುಪಡಿಗೆ ಮೊದಲು ಮೂರು ವರ್ಷ ಇತ್ತು. ದೊಡ್ಡ ತಾರೀಖು ನೋಡಿ “ಇನ್ನೂ ಬೇಕಾದಷ್ಟು ಟೈಮಿದೆ” ಎಂದುಕೊಂಡವರು, ಟಿಆರ್ ಮುಗಿದಿದ್ದರೂ ಲೋಡ್ ಹೊಡೆಯುತ್ತಲೇ ಇರುತ್ತಾರೆ.

ಮೊದಲು ಅವಧಿ ಮುಗಿದ ಮೇಲೂ 30 ದಿನದ ವಿನಾಯಿತಿ ಇತ್ತು. 2019ರ ತಿದ್ದುಪಡಿಯಲ್ಲಿ ಅದು ಹೋಯಿತು. ನವೀಕರಣದ ಅರ್ಜಿಯನ್ನು ಅವಧಿಗೆ ಒಂದು ವರ್ಷ ಮೊದಲಿನಿಂದಲೇ ಹಾಕಬಹುದು. ಮುಗಿದು ಒಂದು ವರ್ಷದೊಳಗೂ ಹಾಕಬಹುದು, ಆದರೆ ನಡುವಿನ ಆ ದಿನಗಳಲ್ಲಿ ನಿಮಗೆ ಲೈಸೆನ್ಸ್ ಇಲ್ಲ ಎಂದೇ ಅರ್ಥ. ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್. ಆ ನಡುವಿನ ದಿನದಲ್ಲಿ ಅಪಘಾತವಾದರೆ, ವಿಮಾ ಕಂಪನಿ ಗಾಯಗೊಂಡವರಿಗೆ ಹಣ ಕೊಟ್ಟು ಅದನ್ನು ಗಾಡಿ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ಕೋರ್ಟುಗಳು ಆದೇಶಿಸುವುದುಂಟು. ಮಾಲೀಕರೇ, ಡ್ರೈವರ್ ಕಾರ್ಡಿನ ಟಿಆರ್ ತಾರೀಖನ್ನು ನಿಮ್ಮ ಫೋನಿನಲ್ಲೂ ಹಾಕಿಟ್ಟುಕೊಳ್ಳಿ.

ಹಾಗೆಯೇ, ಹೊಸ ಡ್ರೈವರ್ ಕೊಟ್ಟ ಕಾರ್ಡಿನ ನಂಬರನ್ನು ಪರಿವಾಹನ್ ತಾಣದಲ್ಲಿ ಹಾಕಿ ನೋಡದೆ ಕೀಲಿ ಕೊಡಬೇಡಿ. ದೂರದ ರಾಜ್ಯದಿಂದ “ಟೆಸ್ಟ್ ಇಲ್ದೆ ಹೆವಿ” ತರಿಸಿಕೊಡುವ ದಂಧೆ ಹಳೆಯದು. ನಕಲಿ ಲೈಸೆನ್ಸನ್ನು ಅಸಲಿ ಕಚೇರಿಯಲ್ಲಿ ನವೀಕರಿಸಿದರೂ ಅದು ಅಸಲಿ ಆಗುವುದಿಲ್ಲ.

ಬ್ಯಾಡ್ಜ್, ಅಂದರೆ ಚಾಲಕರು ಧರಿಸುವ ಬಿಲ್ಲೆಯ ಬಗ್ಗೆ ಒಂದೇ ಮಾತು: ಅದು ಪ್ರಯಾಣಿಕರನ್ನು ಒಯ್ಯುವ ವಾಹನಗಳ ವಿಷಯ. ಸರಕು ಲಾರಿಗೆ ತಲೆ ಕೆಡಿಸಿಕೊಳ್ಳಬೇಡಿ. ಮುಂದೆ ಸಾರಿಗೆ ನಿಗಮದ ಬಸ್ಸಿಗೆ ಅರ್ಜಿ ಹಾಕುವ ಆಸೆ ಇದ್ದರೆ ವಿಚಾರಿಸಿ ಮಾಡಿಸಿಕೊಳ್ಳಿ.

8. ಟ್ಯಾಂಕರ್ ಓಡಿಸುವುದಾದರೆ

ಪೆಟ್ರೋಲ್, ಗ್ಯಾಸ್, ಆಸಿಡ್‌ನಂಥ ಅಪಾಯಕಾರಿ ಸರಕಿಗೆ ಹೆವಿ ಲೈಸೆನ್ಸ್ ಒಂದೇ ಸಾಲದು. ಮೂರು ದಿನದ ವಿಶೇಷ ತರಬೇತಿ ಮುಗಿಸಿ ಪ್ರತ್ಯೇಕ ಎಂಡಾರ್ಸ್‌ಮೆಂಟ್ ಹಾಕಿಸಬೇಕು. ಸಾಮಾನ್ಯ ಲಾರಿಗೆ ಓದಿನ ನಿಯಮ ಹೋಗಿದ್ದರೂ ಇಲ್ಲಿ ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷ್ ಓದಿ ಬರೆಯಲು ಬರಬೇಕು. ಟ್ಯಾಂಕರಿನ ಮೇಲಿನ ಎಚ್ಚರಿಕೆ ಫಲಕ ಓದಲಾಗದಿದ್ದರೆ ಸೋರಿಕೆಯಾದಾಗ ಏನು ಮಾಡುವುದು? ಇದರ ಅವಧಿ ಮೂರು ವರ್ಷ, ನವೀಕರಣಕ್ಕೆ ಒಂದು ದಿನದ ಮರುತರಬೇತಿ.

9. ಟ್ರೇಲರ್

ಮೊದಲು ಹೆಸರು ಸರಿಮಾಡಿಕೊಳ್ಳೋಣ. ಹೆದ್ದಾರಿಯಲ್ಲಿ ಕಂಟೇನರ್ ಹೊತ್ತು ಹೋಗುವುದನ್ನು ನಾವೆಲ್ಲ ಟ್ರೇಲರ್ ಅನ್ನುತ್ತೇವೆ. ಕಾಯ್ದೆಯ ಭಾಷೆಯಲ್ಲಿ ಅದು ಸೆಮಿ ಟ್ರೇಲರ್. ಅದರ ಮುಂಭಾಗ ಎಳೆಯುವ ಗಾಡಿಯ ಬೆನ್ನ ಮೇಲೆ ಕೂತು, ಭಾರದ ಒಂದು ಪಾಲನ್ನು ಅದರ ಮೇಲೆ ಹಾಕುತ್ತದೆ. ಎರಡೂ ಸೇರಿದ್ದು ಆರ್ಟಿಕ್ಯುಲೇಟೆಡ್ ವಾಹನ, ಅಂದರೆ ನಡುವೆ ಕೀಲಿರುವ ಗಾಡಿ. ಟ್ರ್ಯಾಕ್ಟರ್ ಹಿಂದೆ ಕೊಕ್ಕೆಯಿಂದ ಎಳೆದುಕೊಂಡು ಹೋಗುವುದು ಟ್ರೇಲರ್.

ಕೆಲವು ದೇಶಗಳಲ್ಲಿ ಟ್ರೇಲರ್ ಎಳೆಯಲು ಬೇರೆಯೇ ದರ್ಜೆಯ ಲೈಸೆನ್ಸ್ ಬೇಕು. ನಮ್ಮ ಕಾಯ್ದೆಯ ವರ್ಗಗಳ ಪಟ್ಟಿಯಲ್ಲಿ ‘ಟ್ರೇಲರ್’ ಎಂಬ ವರ್ಗವೇ ಇಲ್ಲ. ಕಂಟೇನರ್ ಎಳೆಯುವ ಗಾಡಿಗೆ ಸಾರಿಗೆ ವಾಹನದ ಲೈಸೆನ್ಸೇ ಲೈಸೆನ್ಸ್. ಕೃಷಿ ಟ್ರ್ಯಾಕ್ಟರ್‌ನ ಖಾಲಿ ತೂಕ 7,500 ಕೆಜಿಗಿಂತ ಎಷ್ಟೋ ಕಡಿಮೆ, ಹಾಗಾಗಿ ಅದು ಎಲ್‌ಎಂವಿ. ಟ್ರ್ಯಾಕ್ಟರ್ ಓಡಿಸಲು ಲೈಸೆನ್ಸ್ ಇದ್ದವರು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಆ ಲೈಸೆನ್ಸ್ ಅಸಿಂಧು ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಆ ಪ್ರಕರಣ ಹೋಗಿದ್ದೂ ನಮ್ಮ ಕರ್ನಾಟಕದಿಂದಲೇ.

ಹಾಗಾದರೆ ಟ್ರ್ಯಾಕ್ಟರ್ ಮಾಲೀಕರು ಸಿಕ್ಕಿಬೀಳುವುದೆಲ್ಲಿ? ಲೈಸೆನ್ಸಿನಲ್ಲಲ್ಲ, ಟ್ರೇಲರಿನ ಕಾಗದದಲ್ಲಿ. ಟ್ರೇಲರಿಗೂ ನೋಂದಣಿ ಬೇಕು, ಅದರ ನಂಬರ್ ಅದರ ಮೇಲೆ ಇರಬೇಕು, ಎಳೆಯುವ ಟ್ರ್ಯಾಕ್ಟರಿನ ನಂಬರ್ ಕೂಡ ಕೊನೆಯ ಟ್ರೇಲರಿನ ಹಿಂದೆ ಕಾಣಬೇಕು. ವಿಮಾ ಪಾಲಿಸಿಯಲ್ಲಿ ಟ್ರೇಲರ್ ಸೇರಿದೆಯೇ ನೋಡಿ. ಕೃಷಿ ಬಳಕೆ ಎಂದು ಪಾಲಿಸಿ ಮಾಡಿಸಿ ಜಲ್ಲಿ, ಇಟ್ಟಿಗೆ ಬಾಡಿಗೆ ಹೊಡೆದರೆ ಕಂಪನಿಗೆ ತಕರಾರು ತೆಗೆಯಲು ನೀವೇ ಅವಕಾಶ ಕೊಟ್ಟಂತೆ. ಕಬ್ಬು ಸಾಗಿಸುವವರಿಗೆ ಇನ್ನೊಂದು ಬೇಡಿಕೆ: ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಜೋತುಬಿದ್ದ ಸೋಗೆ ಅದನ್ನು ಮುಚ್ಚದಂತೆ ನೋಡಿಕೊಳ್ಳಿ. ಕತ್ತಲಲ್ಲಿ ದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಬಂದು ಗುದ್ದುವವನಿಗೆ ಕೊನೇ ಕ್ಷಣದವರೆಗೂ ಕಾಣುವುದು ಕಪ್ಪು ಗೋಡೆ.

ಕೆಟ್ಟುನಿಂತ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವುದು ಬೇರೆ ಸಂಗತಿ. ಎರಡು ಗಾಡಿಗಳ ನಡುವಿನ ಅಂತರ 5 ಮೀಟರ್ ಮೀರಬಾರದು. ಎಳೆಸಿಕೊಳ್ಳುವ ಗಾಡಿಯ ಸ್ಟೇರಿಂಗ್‌ನಲ್ಲಿ ಲೈಸೆನ್ಸ್ ಇರುವವರೇ ಕೂರಬೇಕು, ಇಲ್ಲವೇ ಮುಂದಿನ ಚಕ್ರಗಳನ್ನು ಕ್ರೇನಿನಿಂದ ಎತ್ತಿ ಹಿಡಿದಿರಬೇಕು.

ಸೆಮಿ ಟ್ರೇಲರ್ ಜೋಡಿಸುವಾಗ ಹೊಸಬರು ಅವಸರ ಮಾಡುತ್ತಾರೆ. ಎಳೆಯುವ ಗಾಡಿಯ ಬೆನ್ನ ಮೇಲಿರುವ ಗ್ರೀಸ್ ಮೆತ್ತಿದ ದುಂಡು ತಟ್ಟೆ ಫಿಫ್ತ್ ವೀಲ್. ಟ್ರೇಲರಿನ ಅಡಿಯಿಂದ ಕೆಳಕ್ಕೆ ಚಾಚಿದ ಮೊಳೆ ಕಿಂಗ್‌ಪಿನ್. ನಿಧಾನ ರಿವರ್ಸ್ ಬಂದಾಗ ಪಿನ್ ತಟ್ಟೆಯ ಸೀಳಿನೊಳಗೆ ಹೋಗಿ ದವಡೆ ಮುಚ್ಚಿಕೊಳ್ಳುತ್ತದೆ, ‘ಟಕ್’ ಎಂದು ಕೇಳಿಸುತ್ತದೆ. ಆ ಸದ್ದನ್ನು ನಂಬಬೇಡಿ. ಟ್ರೇಲರ್ ಸ್ವಲ್ಪ ಎತ್ತರಕ್ಕೆ ನಿಂತಿದ್ದರೆ ಪಿನ್ ದವಡೆಯ ಮೇಲೇ ಕೂತಿರಬಹುದು. ಇಳಿಯಿರಿ, ಟಾರ್ಚ್ ಹಿಡಿದು ಬಗ್ಗಿ ನೋಡಿ: ತಟ್ಟೆಗೂ ಟ್ರೇಲರಿನ ಅಡಿಗೂ ನಡುವೆ ಬೆಳಕು ಕಾಣಬಾರದು, ದವಡೆ ಪಿನ್ನನ್ನು ಸುತ್ತಿ ಹಿಡಿದಿರಬೇಕು, ಲಾಕ್ ಹ್ಯಾಂಡಲ್ ಪೂರ್ತಿ ಒಳಗಿರಬೇಕು. ಆಮೇಲೆ ಟ್ರೇಲರಿನ ಬ್ರೇಕ್ ಹಿಡಿದಿರುವಾಗಲೇ ಮೊದಲ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಜಗ್ಗಿ ನೋಡಿ. ಬಿಟ್ಟುಕೊಳ್ಳದಿದ್ದರೆ ಗಾಳಿ ಪೈಪು, ದೀಪದ ಕೇಬಲ್ ಜೋಡಿಸಿ, ಟ್ರೇಲರ್ ನಿಲ್ಲಿಸಲು ನೆಲಕ್ಕೂರಿದ ಮುಂಗಾಲುಗಳನ್ನು ಪೂರ್ತಿ ಮೇಲೆತ್ತಿ, ಹಿಂದಿನ ದೀಪಗಳೆಲ್ಲ ಉರಿಯುತ್ತವೆಯೇ ಎಂದು ಒಂದು ಸುತ್ತು ಬನ್ನಿ.

ಇನ್ನು ರಿವರ್ಸ್. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಬಾಲ ಬಲಕ್ಕೆ ಹೋಗುತ್ತದೆ. ತಲೆಗೆ ಹತ್ತುವ ತನಕ ಒಂದು ಉಪಾಯ: ಸ್ಟೇರಿಂಗ್‌ನ ಕೆಳಭಾಗದಲ್ಲಿ ಕೈ ಇಡಿ. ಬಾಲ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿ. ಸ್ವಲ್ಪವೇ ತಿರುಗಿಸಿ, ಬಾಲ ತಿರುಗಲು ಶುರುವಾದ ಕೂಡಲೇ ಸ್ಟೇರಿಂಗ್ ವಾಪಸ್ ತಂದು ಅದರ ಹಿಂದೆ ಹೋಗಿ. ಕೋನ ಜಾಸ್ತಿಯಾಗಿ ಕ್ಯಾಬಿನ್ನೂ ಟ್ರೇಲರೂ ಮಡಚುವ ಚಾಕುವಿನಂತೆ ಒಂದಕ್ಕೊಂದು ಹತ್ತಿರ ಬಂದರೆ ರಿವರ್ಸಿನಲ್ಲಿ ಸರಿಮಾಡಲು ಹೋಗಬೇಡಿ, ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಶುರು ಮಾಡಿ. ನಾಲ್ಕು ಚಕ್ರದ ಟ್ರ್ಯಾಕ್ಟರ್ ಟ್ರೇಲರಿಗೆ ಕೀಲು ಎರಡು ಕಡೆ ಇರುವುದರಿಂದ ಅದು ಇನ್ನೂ ಮೊಂಡು, ಅದನ್ನು ಖಾಲಿ ಗದ್ದೆಯಲ್ಲಿ ಕಲಿಯಿರಿ.